ನಾನು ಹಾರಿಸಿದ ಅಧ್ಯಾಯ

ನನ್ನ ಅಕ್ಕನಿಗೆ,

ನಾವಿಬ್ಬರೂ ಜಗಳವಾಡುತ್ತಿದ್ದದ್ದು ತುಳುವಿನಲ್ಲಿ. ಇದನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ, ನೀನು ಓದುತ್ತಿದ್ದದ್ದು ಕನ್ನಡ ಅಲ್ವಾ. ನೀನು ಹೋಗಿ ಇವತ್ತಿಗೆ ಹದಿನೆಂಟು ದಿನ. ನನಗಿನ್ನೂ ಸಿಟ್ಟು ಇಳಿದಿಲ್ಲ.

ಕಾಪುವಿನ ಮನೆಯಲ್ಲಿ ಮೀನಿನ ಬುಟ್ಟಿ ತೊಳೆದು ಕವುಚಿ ಹಾಕಿದ ಮೇಲೆ ನೀನು ಕಾದಂಬರಿ ಹಿಡಿದು ಕೂರುತ್ತಿದ್ದೆ. ಬೇರೆಯಾದವರು ಒಂದಾಗಬೇಕು, ಕೊನೆಗೆ ಎಲ್ಲರೂ ತಬ್ಬಿಕೊಂಡು ಅಳಬೇಕು, ಇಲ್ಲದಿದ್ದರೆ ನಿನಗದು ಪುಸ್ತಕವೇ ಅಲ್ಲ. ನಾನೋ, ಮಣಿಪಾಲದಲ್ಲಿ ಪಾಠ ಮಾಡುವವಳು. ಯಾರೂ ಅಳದ, ಏನೂ ಮುಗಿಯದ ಕಾದಂಬರಿಯೇ ನನಗೆ ಇಷ್ಟ. "ನಿನ್ನ ಪುಸ್ತಕದಲ್ಲಿ ಎಂತ ಉಂಟು ಮಾರಾಯ್ತಿ? ಉಪ್ಪಿಲ್ಲದ ಗಂಜಿ" ಅಂತ ನೀನು. "ನಿನ್ನದರಲ್ಲಿ ಬರೀ ಉಪ್ಪು" ಅಂತ ನಾನು.

ಸಕ್ಕರೆ ಕಾಯಿಲೆಗೆ ನಿನ್ನ ಕಿಡ್ನಿಯ ಜೊತೆ ಕಣ್ಣೂ ಹೋದ ಮೇಲೆ, ವಾರಕ್ಕೆ ಮೂರು ದಿನ ಡಯಾಲಿಸಿಸ್ ಹಾಸಿಗೆಯ ಪಕ್ಕ ಕೂತು ಓದಿ ಹೇಳುವ ಕೆಲಸ ನನಗೆ ಬಂತು. ನೀನು ಆರಿಸಿದ್ದು ಇಬ್ಬರು ಅಕ್ಕತಂಗಿಯರ ಆ ದಪ್ಪ ಕಾದಂಬರಿ. ಓದಿದೆ, ಆದರೆ ನನ್ನಿಷ್ಟದಂತೆ. ಗೋಳು ಬಂದ ಕಡೆ ಎರಡು ಪುಟ, ನಾಲ್ಕು ಪುಟ ಹಾರಿಸಿಬಿಡುವುದು. ಮಕ್ಕಳ ಬರಹ ತಿದ್ದಿ ತಿದ್ದಿ ಬಂದ ಚಾಳಿ. ನಿನಗೆ ಗೊತ್ತಾಗುವುದಿಲ್ಲ ಅಂದುಕೊಂಡಿದ್ದೆ. ಅದನ್ನು ಮೊದಲೇ ನಾಲ್ಕು ಸಲ ಓದಿದವಳಿಗೆ ಗೊತ್ತಾಗದಿರುತ್ತದಾ?

ಆ ಸೋಮವಾರ ಇಡೀ ಒಂದು ಅಧ್ಯಾಯವನ್ನೇ ಹಾರಿಸಿದೆ. ನೀನು ಕೈ ಎತ್ತಿ ನಿಲ್ಲಿಸಿದೆ.

"ಬಿಟ್ಟದ್ದನ್ನು ಓದು."

"ಅದು ಬರೀ ಅಳು ಅಕ್ಕ. ನನ್ನ ಬಾಯಲ್ಲಿ ಬರುವುದಿಲ್ಲ."

"ನಿನ್ನ ಬಾಯಲ್ಲೇ ಕೇಳಬೇಕಿತ್ತು ನನಗೆ."

ಹಾಗೆ ಹೇಳಿ ನೀನು ಗೋಡೆಯ ಕಡೆ ಮುಖ ತಿರುಗಿಸಿದೆ. ನಾನೂ ಬಿಟ್ಟುಕೊಡಲಿಲ್ಲ, ಪುಸ್ತಕ ಮುಚ್ಚಿ ಚೀಲಕ್ಕೆ ಹಾಕಿದೆ. ಬುಧವಾರ ನೀನು ಪುಸ್ತಕ ಕೇಳಲಿಲ್ಲ, ನಾನು ತೆಗೆಯಲಿಲ್ಲ. ಶುಕ್ರವಾರ ಬೆಳಿಗ್ಗೆ ಭಾವ ಫೋನ್ ಮಾಡಿ ನೀನಿಲ್ಲ ಅಂದರು.

ನಿನ್ನೆ ಆ ಅಧ್ಯಾಯ ಓದಿದೆ. ತನಗಾಗಿ ಶಾಲೆ ಬಿಟ್ಟ ಅಕ್ಕನ ಎದುರು ಕೂತು ತಂಗಿ ಕ್ಷಮೆ ಕೇಳುತ್ತಾಳೆ. ನೀನು ಏಳನೇ ಕ್ಲಾಸಿಗೇ ನಿಲ್ಲಿಸಿ ಅಮ್ಮನ ಜೊತೆ ಬುಟ್ಟಿ ಹೊತ್ತದ್ದು ಯಾರಿಗಾಗಿ? ನಾನು ಒಂದು ದಿನವಾದರೂ ಬಾಯಿ ಬಿಟ್ಟು ಹೇಳಿದ್ದೇನಾ? ಓದುವ ನೆಪದಲ್ಲಾದರೂ ಇವಳ ಬಾಯಿಂದ ಆ ಮಾತು ಬರಲಿ ಅಂತ ನೀನು...

ಬರವಣಿಗೆ ಕೆಟ್ಟದ್ದೇ ಅಕ್ಕ, ಈಗಲೂ ಹೇಳುತ್ತೇನೆ. ಅದನ್ನು ಓದಿ ಹೇಳುವುದಿಲ್ಲ. ನಿನಗೆ ಗೊತ್ತಿಲ್ಲದ ಒಂದು ಸಂಗತಿ ನನ್ನ ಮಾತಿನಲ್ಲೇ ಕೇಳು. ಕೆಲಸಕ್ಕೆ ಸೇರಿದ ವರ್ಷ ಸ್ಟಾಫ್ ರೂಮಿನಲ್ಲಿ ನಿನ್ನ ಬಗ್ಗೆ ಕೇಳಿದ್ದರು. "ಅಕ್ಕನ ತಲೆಗೆ ಓದು ಹತ್ತಲಿಲ್ಲ" ಅಂದುಬಿಟ್ಟಿದ್ದೆ. ಮೀನು ಮಾರುತ್ತಾಳೆ ಅನ್ನಲು ನಾಚಿಕೆಯಾಗಿತ್ತು. ನಾಳೆ ರಜೆ ಮುಗಿಸಿ ಹೋಗುತ್ತೇನೆ. ಅದೇ ಜನ ಇದ್ದಾರೆ. ಅಕ್ಕ ನನಗಾಗಿ ಶಾಲೆ ಬಿಟ್ಟಳು, ನಾನು ಸುಳ್ಳು ಹೇಳಿದ್ದೆ ಅಂತ ಅವರೆದುರು ಹೇಳುತ್ತೇನೆ.

ನಿನ್ನ ತಂಗಿ