ಮೆಟ್ಟಿಲು ಇಬ್ಬರದ್ದು ಎಂದು ನಾನು ಹೇಳಿದ್ದು ನಿಮಗಲ್ಲ

ನಗರಸಭೆಯ ಆಸ್ತಿ ವಿವಾದಗಳ ವಿಚಾರಣಾಧಿಕಾರಿಗಳಾದ ಮಾನ್ಯರೇ,

ಪತ್ರಿಕೆಯೊಂದರ ಜಾಲತಾಣದಲ್ಲಿ ‘ಮೌನಿ’ ಎಂದು ಹೆಸರಿಟ್ಟುಕೊಂಡು ಹದಿನಾಲ್ಕು ತಿಂಗಳು ನನ್ನೊಡನೆ ವಾದಕ್ಕೆ ಕುಳಿತವರು ನೀವು. ನನ್ನ ಮನೆಯ ವ್ಯಾಜ್ಯ ನಿಮ್ಮ ಮೇಜಿಗೆ ಬಂದ ಮೇಲೂ ಅದನ್ನು ನನಗೆ ತಿಳಿಸದೆ, ಸ್ನೇಹಿತನ ದನಿಯಲ್ಲಿ ನನ್ನ ಬಾಯಿ ಬಿಡಿಸಿ, ನಾನು ಹೇಳಿದ್ದನ್ನು ನಿಮ್ಮ ಆದೇಶದ ನಾಲ್ಕನೇ ಪುಟದಲ್ಲಿ ಬರೆದು, ಮೊಹರು ಒತ್ತಿ, ನನ್ನ ಅಕ್ಕನಿಗೆ ಅಂಚೆಯಲ್ಲಿ ಕಳಿಸಿದವರೂ ನೀವೇ. ನನ್ನ ದೂರು ಇಷ್ಟೇ. ಉಳಿದದ್ದು ವಿವರ. ವಿವರಗಳನ್ನು ಮೆಲ್ಲಗೆ ಕೇಳಿ ತಿಳಿದುಕೊಳ್ಳುವುದರಲ್ಲಿ ತಾವು ನಿಪುಣರು. ಈ ಸಲ ತಾವು ಕೇಳುವ ಮೊದಲೇ, ಎಲ್ಲರ ಎದುರಿಗೆ ಹೇಳುತ್ತಿದ್ದೇನೆ.

ನಾನು ಮುದ್ರಣಾಲಯವೊಂದರಲ್ಲಿ ಕರಡು ತಿದ್ದುವವನು. ಇಪ್ಪತ್ತೇಳು ವರ್ಷಗಳಿಂದ ಬೇರೆಯವರ ತಪ್ಪು ಹುಡುಕಿಯೇ ಹೊಟ್ಟೆ ಹೊರೆದಿದ್ದೇನೆ. ಮಧ್ಯಾಹ್ನ ಯಂತ್ರಗಳು ನಿಂತಾಗ ಕಾಗದದ ಕಟ್ಟುಗಳ ಮೇಲೆ ಕುಳಿತು, ಬುತ್ತಿ ಮುಗಿಸಿ, ಫೋನಿನಲ್ಲಿ ಆ ಚರ್ಚೆಯ ಪುಟ ತೆರೆಯುವುದು ನನ್ನ ಚಟ. ಅಲ್ಲಿ ಜನ ಕಾಂಪೌಂಡಿನ ಬಗ್ಗೆ, ಚುನಾವಣೆಯ ಬಗ್ಗೆ, ಬಸ್ಸಿನ ದರದ ಬಗ್ಗೆ ಜಗಳವಾಡುತ್ತಾರೆ. ಯಾರೂ ಯಾರ ಮುಖವನ್ನೂ ಕಂಡಿಲ್ಲ. ಹಾಗಾಗಿ ಯಾರಿಗೂ ಮುಲಾಜಿಲ್ಲ. ನಾನಲ್ಲಿ ‘ಅಡಿಟಿಪ್ಪಣಿ’. ಒಂದು ದಿನ ನೀವು ಬರೆದಿರಿ: ‘ಒಂದೇ ಗೋಡೆ ಹಂಚಿಕೊಂಡವರಿಗೆ ಪರಸ್ಫರ ನಂಬಿಕೆ ಇರಬೇಕು.’ ಅದರ ಕೆಳಗೆ ನಾನು, ‘ಮೊದಲು ಪರಸ್ಪರ ಎಂದು ತಿದ್ದಿಕೊಳ್ಳಿ, ನಂಬಿಕೆಯನ್ನು ಆಮೇಲೆ ನೋಡೋಣ’ ಎಂದು ಬರೆದೆ. ಅಕ್ಷರ ಹೆಕ್ಕುವವರ ಕಣ್ಣಿಗೆ ಅರ್ಥ ಬೀಳುವುದಿಲ್ಲ ಎಂದು ನೀವು ಚುಚ್ಚಿದಿರಿ. ಅಲ್ಲಿಂದ ಶುರು. ಮೌನಿ ಎಂದು ಕರೆದುಕೊಳ್ಳುವವರು ದಿನಕ್ಕೆ ಮೂವತ್ತು ಸಲ ಮಾತಾಡುವುದನ್ನು ನಾನು ಮೊದಲ ಬಾರಿಗೆ ಕಂಡೆ.

ಏನೆಲ್ಲದರ ಬಗ್ಗೆ ಕಿತ್ತಾಡಲಿಲ್ಲ ನಾವು! ಹಳೆಯ ಮಾರುಕಟ್ಟೆಯ ಚಾವಣಿ ಕೆಡವಬೇಕೇ ಬೇಡವೇ ಎಂದು ಹನ್ನೊಂದು ದಿನ ವಾದಿಸಿದೆವು. ಬಾಡಿಗೆದಾರರನ್ನು ಬಿಡಿಸುವ ಕಾನೂನಿನ ಬಗ್ಗೆ ನೀವು ಕಲಮುಗಳನ್ನು ಸುರಿದಿರಿ. ಇವರು ನಿವೃತ್ತ ವಕೀಲರಿರಬೇಕು ಎಂದುಕೊಂಡೆ. ಆಳುವ ಪಕ್ಷದವರನ್ನು ನಾನು ಬೈದರೆ ನೀವು ಹಿಂದಿನ ಪಕ್ಷದವರನ್ನು ಬೈಯುತ್ತಿದ್ದಿರಿ. ಕಣ್ಣಿನ ಶಸ್ತ್ರಚಿಕಿತ್ಸೆಯಾಗಿ ನಾನು ಒಂಬತ್ತು ದಿನ ಫೋನು ಮುಟ್ಟದಿದ್ದಾಗ, ‘ಅಡಿಟಿಪ್ಪಣಿಯವರು ಕಾಣುತ್ತಿಲ್ಲ, ಯಾರಿಗಾದರೂ ಗೊತ್ತೇ?’ ಎಂದು ಆ ಪುಟದಲ್ಲಿ ವಿಚಾರಿಸಿದವರು ನೀವೊಬ್ಬರೇ. ಅದಾದ ಮೇಲೆ ಪುಟದಾಚೆಗೂ, ನಮ್ಮಿಬ್ಬರಿಗೆ ಮಾತ್ರ ಕಾಣುವ ಸಂದೇಶಗಳಲ್ಲಿ ಮಾತು ಬೆಳೆಯಿತು. ಹೆಸರು ಕೇಳಲಿಲ್ಲ, ಹೇಳಲಿಲ್ಲ. ದಿನವೂ ಜಗಳವಾಡುವ ಒಬ್ಬ ಸ್ನೇಹಿತ ಸಿಕ್ಕಿದ ಎಂದು ನನ್ನಷ್ಟಕ್ಕೆ ನಾನೇ ಸಂತೋಷಪಟ್ಟೆ. ಐವತ್ತು ದಾಟಿದವನಿಗೆ ಹೊಸ ಸ್ನೇಹ ಸಿಗುವುದು ಎಷ್ಟು ಅಪರೂಪ ಎಂಬುದು ತಮಗೂ ಗೊತ್ತಿರಬಹುದು. ತಮಗೂ ವಯಸ್ಸಾಗಿದೆ, ವಿಚಾರಣೆಯ ದಿನ ನೋಡಿದೆನಲ್ಲ.

ಇನ್ನು ಮನೆಯ ವಿಷಯ. ಇದರಲ್ಲಿ ತಪ್ಪು ನನ್ನದು; ಅದನ್ನು ಮುಚ್ಚಿಟ್ಟು ಈ ಪತ್ರ ಬರೆದರೆ ನಿಮಗೂ ನನಗೂ ವ್ಯತ್ಯಾಸವೇನು ಉಳಿಯಿತು? ಅಪ್ಪ ತೀರಿಕೊಳ್ಳುವ ಮೊದಲು ಪಾಲುಪತ್ರ ಮಾಡಿಸಿದ್ದರು. ಕೆಳಮನೆ ನನಗೆ, ಮೇಲ್ಮನೆ ಅಕ್ಕನಿಗೆ. ಮೆಟ್ಟಿಲಿನ ಬಗ್ಗೆ ಒಂದಕ್ಷರವೂ ಇಲ್ಲ. ಆ ಮೆಟ್ಟಿಲು ಹೊರಡುವುದು ನನ್ನ ಮುಂದಿನ ಕೋಣೆಯೊಳಗಿಂದ. ಅಕ್ಕ ಪರದೆ ಹೊಲಿಯುವವಳು. ಕಿಟಕಿಯ ಅಳತೆ ಹಿಡಿದು, ಬಟ್ಟೆಯ ಗಂಟು ಹೊತ್ತು ಬರುವ ಗಿರಾಕಿಗಳೆಲ್ಲ ನಾನು ಕರಡು ಹರಡಿಕೊಂಡು ಕುಳಿತ ಮೇಜಿನ ಪಕ್ಕದಲ್ಲೇ ಹಾದು ಮೇಲೆ ಹೋಗಬೇಕು. ಒಬ್ಬಾಕೆಯ ಗಂಟು ತಗುಲಿ, ತಿದ್ದಿಟ್ಟಿದ್ದ ಎಂಬತ್ತು ಹಾಳೆಗಳು ನೆಲಕ್ಕೆ ಚೆಲ್ಲಿದವು. ಆ ಸಂಜೆ ನಾನು ಮೆಟ್ಟಿಲಿನ ಬಾಗಿಲಿಗೆ ಬೀಗ ಹಾಕಿದೆ. ಹಿತ್ತಲಲ್ಲಿ, ಮಾಳಿಗೆಯ ನೀರಿನ ತೊಟ್ಟಿಗೆ ಹತ್ತಲು ಇಟ್ಟ ಕಬ್ಬಿಣದ ಏಣಿಮೆಟ್ಟಿಲಿದೆ, ಅದನ್ನು ಬಳಸಿಕೋ ಎಂದೆ. ಅಕ್ಕ ಎರಡು ತಿಂಗಳು ಅದನ್ನೇ ಬಳಸಿದಳು. ಒಂದೊಂದು ಮೆಟ್ಟಿಲಿಗೂ ಅದು ಕಿರ್ ಎನ್ನುತ್ತಿತ್ತು. ಒಳಗೆ ಕುಳಿತು ನಾನು ಕೇಳುತ್ತಿದ್ದೆ. ವಯಸ್ಸಾದ ಗಿರಾಕಿಗಳು ಬರುವುದು ನಿಂತಿತು. ಆಮೇಲೆ ಆಕೆ ನಿಮ್ಮ ಕಚೇರಿಗೆ ಅರ್ಜಿ ಹಾಕಿದಳು. ಹಾಕದೆ ಇನ್ನೇನು ಮಾಡಿಯಾಳು?

ವಿಚಾರಣೆ ಒಂದು ಸೋಮವಾರ. ನಿಮ್ಮ ಕೊಠಡಿಯ ಹೊರಗಿನ ಉದ್ದ ಬೆಂಚಿನ ಆ ತುದಿಗೆ ಅಕ್ಕ, ಈ ತುದಿಗೆ ನಾನು. ಒಳಗೆ ನೀವು ಸೌಮ್ಯವಾಗಿ ಮಾತಾಡಿದಿರಿ. ವೃತ್ತಿ ಕೇಳಿದಿರಿ. ಕರಡು ತಿದ್ದುತ್ತೇನೆ ಎಂದೆ. ನೀವು ತಲೆಯೆತ್ತಿ ನನ್ನನ್ನು ಸ್ವಲ್ಪ ಹೊತ್ತು ನೋಡಿ, ಮತ್ತೆ ಕಡತಕ್ಕೆ ತಲೆ ಬಗ್ಗಿಸಿದಿರಿ. ಅರ್ಜಿದಾರಳ ಪರವಾಗಿ ದಾಖಲೆಯೇನೂ ಇಲ್ಲವಲ್ಲ ಎಂದು ಅಕ್ಕನಿಗೆ ಹೇಳಿದಿರಿ. ಆಕೆಯ ಮುಖ ಸಣ್ಣಗಾಯಿತು. ನಾನು ಗೆದ್ದೆ ಎಂದುಕೊಂಡು ಹೊರಬಂದೆ. ಗೆದ್ದವನಿಗೆ ಬರಬೇಕಾದ ನೆಮ್ಮದಿ ಯಾಕೋ ಬರಲಿಲ್ಲ.

ಅದೇ ಸಂಜೆ ಮೌನಿಯವರಿಂದ ಸಂದೇಶ. ಅದಕ್ಕೆ ಒಂದು ತಿಂಗಳ ಹಿಂದೆ, ಮಾತಿಗೆ ಮಾತು ಬಂದು, ನಮ್ಮಲ್ಲೂ ಒಂದು ಮೆಟ್ಟಿಲಿನ ತಕರಾರಿದೆ ಎಂದು ನಾನು ಬಾಯಿಬಿಟ್ಟಿದ್ದೆ. ಅದನ್ನು ನೆನಪಿಟ್ಟುಕೊಂಡವರಂತೆ ನೀವು ಕೇಳಿದಿರಿ: ‘ನಿಮ್ಮ ತಂದೆ ಆ ಮೆಟ್ಟಿಲಿನ ಬಗ್ಗೆ ಬಾಯಿಮಾತಿನಲ್ಲಿ ಏನಾದರೂ ಹೇಳಿದ್ದರೇ? ಬರೆಯಬೇಕು ಅನಿಸಿದರೆ ಬರೆಯಿರಿ. ನಾನು ಯಾರೋ, ನೀವು ಯಾರೋ.’ ನಾನು ಯಾರೋ, ನೀವು ಯಾರೋ! ಬೆಳಿಗ್ಗೆ ಹನ್ನೊಂದಕ್ಕೆ ನನ್ನ ಹೆಸರು, ತಂದೆಯ ಹೆಸರು, ಮನೆಯ ಸಂಖ್ಯೆ, ಎಡಗೈ ಹೆಬ್ಬೆಟ್ಟಿನ ಗುರುತು ಎಲ್ಲವನ್ನೂ ಮೇಜಿನ ಮೇಲೆ ಇಟ್ಟುಕೊಂಡಿದ್ದವರು ಸಂಜೆ ಆರಕ್ಕೆ ಇದನ್ನು ಬರೆಯುವುದಕ್ಕೆ ಎಂಥ ಗಟ್ಟಿ ಮನಸ್ಸು ಬೇಕು, ಮಾನ್ಯರೇ?

ನಾನು ಮೂರು ದಿನ ತಡೆದೆ. ಗುರುವಾರ ಮಧ್ಯಾಹ್ನ ಕಾಗದದ ಕಟ್ಟುಗಳ ಮೇಲೆ ಕುಳಿತು ಬರೆದೆ. ಎರಡು ವರ್ಷದ ಹಿಂದೆ, ಆಸ್ಪತ್ರೆಯಲ್ಲಿ, ಅಕ್ಕ ಔಷಧ ತರಲು ಕೆಳಗೆ ಹೋಗಿದ್ದಾಗ ಅಪ್ಪ ನನ್ನ ಕೈ ಹಿಡಿದು ಹೇಳಿದ್ದರು: “ಮೆಟ್ಟಿಲು ಇಬ್ಬರದ್ದೂ ಕಣೋ. ಪತ್ರದಲ್ಲಿ ಬರೆಸೋಕೆ ಮರೆತೆ. ಅವಳು ನಿನ್ನ ಮುಂದೆ ಓಡಾಡ್ಲಿ, ಬಿಡು. ದಿನಕ್ಕೊಂದ್ಸಲ ಆದ್ರೂ ಮುಖ ನೋಡ್ಕೊಳ್ತೀರಿ.” ಇದನ್ನು ನಾನು ಯಾರಿಗೂ ಹೇಳಿರಲಿಲ್ಲ. ಸುಳ್ಳು ಹೇಳಿದ್ದೇನೆಂದು ಯಾರೂ ನನ್ನನ್ನು ಹಿಡಿಯುವಂತಿರಲಿಲ್ಲ; ಸುಮ್ಮನಿದ್ದೆ, ಅಷ್ಟೇ. ಮೌನಿಯವರೇ, ಸುಮ್ಮನಿರುವುದರಲ್ಲಿ ನಾನು ನಿಮಗಿಂತ ಪಳಗಿದವನು. ಬರೆದು ಮುಗಿಸಿದಾಗ ಎದೆ ಹಗುರವಾಯಿತು. ಯಂತ್ರ ಮತ್ತೆ ಶುರುವಾದದ್ದೂ ನನಗೆ ತಿಳಿಯಲಿಲ್ಲ.

ನಿಮ್ಮ ಉತ್ತರ ಮುಂದಿನ ಬುಧವಾರ ಬಂತು. ಇಂಥ ಉತ್ತರವನ್ನು ನನಗೆ ಬೇರೆ ಯಾರೂ ಬರೆದಿಲ್ಲ. ಬೈಯಲಿಲ್ಲ, ಬುದ್ಧಿ ಹೇಳಲಿಲ್ಲ. ‘ಅಕ್ಕನಿಗೆ ನೀವೇ ಹೇಳಿ. ಈ ಭಾನುವಾರ ಇಬ್ಬರಿಗೂ ಬಿಡುವಿರುತ್ತದೆ, ಅವತ್ತೇ ಹೇಳಿ. ಆಕೆ ಕ್ಷಮಿಸುತ್ತಾರೆ’ ಎಂದಿರಿ. ನಾನು ನಂಬಿದೆ. ಶುಕ್ರವಾರ ಬೀಗದ ಕೈ ಹುಡುಕಿ ತೆಗೆದಿಟ್ಟೆ. ಹೇಗೆ ಮಾತು ತೆಗೆಯುವುದು ಎಂದು ಕರಡು ಹಾಳೆಯೊಂದರ ಹಿಂಬದಿಯಲ್ಲಿ ಬರೆದು, ಹೊಡೆದು, ಮತ್ತೆ ಬರೆದೆ. ಎಲ್ಲರ ವಾಕ್ಯ ತಿದ್ದುವವನಿಗೆ ತನ್ನ ಒಂದು ವಾಕ್ಯ ನೆಟ್ಟಗಾಗಲಿಲ್ಲ.

ಶನಿವಾರ ಅಂಚೆಯವನು ಎರಡು ಲಕೋಟೆ ತಂದ. ಒಂದು ಕೆಳಗೆ, ಒಂದು ಮೇಲೆ. ನಾಲ್ಕನೇ ಪುಟದಲ್ಲಿ ನಿಮ್ಮ ಮಾತು: ‘ಮಕ್ಕಳಿಬ್ಬರೂ ದಿನವೂ ಪರಸ್ಫರ ಮುಖ ನೋಡುವಂತಾಗಲೆಂಬ ಉದ್ದೇಶದಿಂದ ಮೃತ ತಂದೆಯು ಸದರಿ ಮೆಟ್ಟಿಲನ್ನು ಉಭಯತ್ರರಿಗೆ ಸೇರಿದ್ದೆಂದು ಪ್ರತಿವಾದಿಗೆ ಮೌಖಿಕವಾಗಿ ತಿಳಿಸಿದ್ದು, ಪ್ರತಿವಾದಿಯು ಅದನ್ನು ಮರೆಮಾಚಿರುವುದು ಕಂಡುಬರುತ್ತದೆ.’ ಎಲ್ಲಿ ಕಂಡುಬಂತು, ಮಾನ್ಯರೇ? ಯಾವ ಸಾಕ್ಷಿಯ ಹೇಳಿಕೆಯಲ್ಲಿ? ಕಡತದ ಯಾವ ಹಾಳೆಯಲ್ಲಿ? ಆ ಕೆಟ್ಟ ಕಾಗುಣಿತ ನೋಡುತ್ತಲೇ ಮೌನಿ ಯಾರೆಂದು ತಿಳಿಯಿತು. ಹದಿನಾಲ್ಕು ತಿಂಗಳು ತಿದ್ದಿದರೂ ತಿದ್ದಿಕೊಳ್ಳದ ಆ ಫಕಾರ ಒಂದೇ ಆದೇಶದಲ್ಲಿ ಮೂರು ಕಡೆ. ಕೊನೆಯ ಪುಟ ತಿರುವಿ ದಿನಾಂಕ ನೋಡಿದೆ. ಮಂಗಳವಾರ. ಅಂದರೆ ಬುಧವಾರ ನೀವು ‘ಭಾನುವಾರ ಹೇಳಿ’ ಎಂದು ಬರೆಯುವ ಹೊತ್ತಿಗೆ ಈ ಹಾಳೆಗಳ ಮೇಲೆ ನಿಮ್ಮ ಸಹಿಯ ಶಾಯಿ ಒಣಗಿತ್ತು. ಮತ್ತೆ ಆ ಸಲಹೆ ಯಾತಕ್ಕೆ? ನಿಮ್ಮ ಆತ್ಮಸಾಕ್ಷಿಯ ಸಮಾಧಾನಕ್ಕೋ, ನನ್ನನ್ನು ಮಗುವಿನಂತೆ ಸಂತೈಸುವುದಕ್ಕೋ? ಬೇರೆ ಕಾರಣವಿದ್ದರೆ ತಿಳಿಸಿ, ನನಗೆ ಹೊಳೆದಿಲ್ಲ.

ಹಿತ್ತಲ ಮೆಟ್ಟಿಲು ಕಿರ್ ಎಂದಿತು. ಅಕ್ಕ ಮುಂಬಾಗಿಲಿಗೆ ಸುತ್ತಿ ಬಂದು ಹೊಸ್ತಿಲಾಚೆಯೇ ನಿಂತಳು. ಕೊರಳಿಗೆ ಹಾಕಿದ್ದ ಅಳತೆಯ ಪಟ್ಟಿ ಹಾಗೇ ಇತ್ತು. ಕೈಯಲ್ಲಿ ಆದೇಶ.

“ಅಪ್ಪ ಹೀಗಂದಿದ್ರಾ?” ಎಂದು ಕೇಳಿದಳು.

ಹೌದು ಎಂದೆ. ನಾಳೆ ಹೇಳೋಣ ಅಂತಿದ್ದೆ ಎಂದೂ ಸೇರಿಸಿದೆ. ನನ್ನ ಕಿವಿಗೇ ಅದು ಹಸಿ ಸುಳ್ಳಿನಂತೆ ಕೇಳಿಸಿತು. ಇವರಿಗೆ ಹೇಗೆ ಗೊತ್ತಾಯಿತು ಎಂದಳು. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ: ಫೋನಿನಲ್ಲಿ ವಾದ ಮಾಡುವ ಯಾರೋ ಒಬ್ಬರಿಗೆ ಬರೆದಿದ್ದೆ, ಅವರೇ ಇವರು ಅಂತ ಗೊತ್ತಿರಲಿಲ್ಲ. ಅಕ್ಕ ಆದೇಶವನ್ನು ಮಡಿಸಿದಳು. ಆಮೇಲೆ ಮೆಲ್ಲಗೆ ಅಂದಳು:

“ಮುಖ ಗೊತ್ತಿಲ್ದೋರಿಗೆ ಹೇಳೋಕಾಯ್ತು. ನಾನು ಇಲ್ಲೇ ಮೇಲಿದ್ನಲ್ಲೋ.”

ನಾನು ಬೀಗ ತೆಗೆದು ಬಾಗಿಲು ಹಾರುಹೊಡೆದೆ. ಆಕೆ ಆ ಕಡೆ ನೋಡಲೂ ಇಲ್ಲ. ಬಂದ ದಾರಿಯಲ್ಲೇ ಹಿತ್ತಲಿಗೆ ಹೋಗಿ ಕಬ್ಬಿಣದ ಮೆಟ್ಟಿಲು ಹತ್ತಿದಳು. ಇದು ನಡೆದು ಆರು ವಾರವಾಯಿತು. ಗಿರಾಕಿಗಳು ಈಗ ನನ್ನ ಕೋಣೆಯ ಮೂಲಕವೇ ಹೋಗುತ್ತಾರೆ, ಬರುತ್ತಾರೆ. ಮೇಜು ನಾನೇ ಪಕ್ಕಕ್ಕೆ ಸರಿಸಿದ್ದೇನೆ. ಅಕ್ಕ ಮಾತ್ರ ಆ ದಾರಿಯಲ್ಲಿ ಒಮ್ಮೆಯೂ ಇಳಿದಿಲ್ಲ. ಗೆದ್ದ ಮೆಟ್ಟಿಲನ್ನು ಆಕೆ ಬಳಸುವುದಿಲ್ಲ, ಸೋತ ನಾನು ದಿನವೂ ಅದನ್ನು ಗುಡಿಸುತ್ತೇನೆ. ನಿಮ್ಮ ಆದೇಶ ಜಾರಿಯಾದ ಬಗೆ ಇದು. ದಯವಿಟ್ಟು ಕಡತಕ್ಕೆ ಸೇರಿಸಿಕೊಳ್ಳಿ.

ಆ ಶನಿವಾರವೇ ನಾನು ಮೌನಿಯವರಿಗೆ ‘ಅದು ನೀವೇ ಏನು?’ ಎಂದು ಮೂರೇ ಪದದ ಪ್ರಶ್ನೆ ಕಳಿಸಿದ್ದೆ. ಉತ್ತರ ಬರಲಿಲ್ಲ, ಸಂಜೆಯೊಳಗೆ ಆ ಖಾತೆಯೇ ಅಳಿದಿತ್ತು. ಹದಿನಾಲ್ಕು ತಿಂಗಳ ಜಗಳದಲ್ಲಿ ನನ್ನ ಅರ್ಧ ಮಾತ್ರ ಉಳಿದಿದೆ. ಈಗ ಯಾರಾದರೂ ಆ ಪುಟ ಓದಿದರೆ, ಗಾಳಿಯೊಡನೆ ಗುದ್ದಾಡಿದ ಹುಚ್ಚನಂತೆ ಕಾಣುತ್ತೇನೆ. ಸೋಮವಾರ ನಿಮ್ಮ ಕಚೇರಿಗೆ ಬಂದೆ. ಪಾರದರ್ಶಕ ಆಡಳಿತವೇ ನಮ್ಮ ಗುರಿ ಎಂದು ಬರೆದ ಫಲಕದ ಕೆಳಗೆ ಮೂರು ಗಂಟೆ ಕೂತ ಮೇಲೆ ನೀವು ಹೊರಗೆ ಬಂದಿರಿ. ನಾನು ಯಾರೆಂದು ಕೇಳಲಿಲ್ಲ. ಯಾಕೆ ಬಂದೆನೆಂದೂ ಕೇಳಲಿಲ್ಲ.

“ಆದೇಶದಲ್ಲಿ ಸುಳ್ಳೇನಾದ್ರೂ ಇದೆಯಾ?” ಎಂದಿರಿ. “ಇದ್ರೆ ಮೇಲ್ಮನವಿ ಹಾಕಿ.”

ಇರಲಿಲ್ಲ. ಅದು ನಿಮಗೂ ಗೊತ್ತಿತ್ತು. ನಾನು ಚೀಲ ಎತ್ತಿಕೊಂಡು ಮನೆಗೆ ಬಂದೆ.

ಸತ್ಯವೇ ಹೊರಬಂತಲ್ಲ, ನ್ಯಾಯವೇ ಸಿಕ್ಕಿತಲ್ಲ, ಇನ್ನೇನು ತಕರಾರು ಎಂದು ತಾವು ಕೇಳಬಹುದು. ತಾವು ಮಾಡಬೇಕಾಗಿದ್ದದ್ದು ಬಹಳ ಸಣ್ಣ ಕೆಲಸ. ಪ್ರತಿವಾದಿ ನನಗೆ ಪರಿಚಿತ ಎಂದು ಒಂದು ಸಾಲು ಬರೆದು ಕಡತವನ್ನು ಇನ್ನೊಬ್ಬರಿಗೆ ವರ್ಗಾಯಿಸಬಹುದಿತ್ತು. ಇಲ್ಲವೇ ವಿಚಾರಣೆಯ ಸೋಮವಾರವೇ ನನ್ನನ್ನು ಎದುರಿಗೆ ನಿಲ್ಲಿಸಿ, ಅಕ್ಕನ ಮುಂದೆ, ‘ನಿಮ್ಮ ತಂದೆ ಏನು ಹೇಳಿದ್ದರು?’ ಎಂದು ಕೇಳಬಹುದಿತ್ತು. ನಾನು ಸುಳ್ಳು ಹೇಳುತ್ತಿದ್ದೆನೋ ಏನೋ. ಆದರೆ ಅದು ನನ್ನ ಪಾಡು. ನೀವು ಕಚೇರಿಯಲ್ಲಿ ಕೇಳಬೇಕಾದ ಪ್ರಶ್ನೆಯನ್ನು ಸ್ನೇಹದಲ್ಲಿ ಕೇಳಿದಿರಿ, ಸ್ನೇಹದಲ್ಲಿ ಸಿಕ್ಕ ಉತ್ತರಕ್ಕೆ ಕಚೇರಿಯ ಮೊಹರು ಹಾಕಿದಿರಿ. ಆ ಪುಟದಲ್ಲಿ ಇನ್ನೂ ನೂರಾರು ಜನ ತಮ್ಮ ಗೋಡೆ, ಗೇಟು, ಅಣ್ಣತಮ್ಮಂದಿರ ಕಥೆ ತೋಡಿಕೊಳ್ಳುತ್ತಿದ್ದಾರೆ. ಅವರಲ್ಲಿ ಎಷ್ಟು ಜನರ ಕಡತ ನಿಮ್ಮ ಮೇಜಿನ ಮೇಲಿದೆ? ಈಗ ಯಾವ ಹೆಸರಿನಲ್ಲಿ ಅಲ್ಲಿ ಕೂತಿದ್ದೀರಿ?

ಮೆಟ್ಟಿಲನ್ನು ವಾಪಸು ಕೊಡಿ ಎಂದು ನಾನು ಕೇಳುತ್ತಿಲ್ಲ. ಮೇಲ್ಮನವಿಯನ್ನೂ ಹಾಕುವುದಿಲ್ಲ. ನನ್ನ ಒತ್ತಾಯವಿಷ್ಟು: ನಾನು ಯಾರೆಂದು ನಿಮಗೆ ಯಾವ ದಿನ ತಿಳಿಯಿತು ಎಂಬುದನ್ನು ಅದೇ ಚರ್ಚೆಯ ಪುಟದಲ್ಲಿ, ನಿಮ್ಮ ಹುದ್ದೆಯ ಹೆಸರಿನಲ್ಲಿ ಬರೆಯಿರಿ. ನಾಲ್ಕನೇ ಪುಟದ ಆ ಸಾಲು ನಿಮಗೆ ಸೇರಿದ್ದಲ್ಲ. ಅದನ್ನು ಹೊಡೆದುಹಾಕಿ, ನಮ್ಮ ಅರ್ಜಿಯನ್ನು ಬೇರೊಬ್ಬ ಅಧಿಕಾರಿಯ ಮುಂದೆ ಹೊಸದಾಗಿ ವಿಚಾರಣೆಗೆ ಇಡಿಸಿ. ಅವತ್ತು ಅಕ್ಕ ಕೂತ ಬೆಂಚಿನಲ್ಲಿ, ಆಕೆಯ ಪಕ್ಕದಲ್ಲೇ ಕೂತು, ಕರೆದಾಗ ಎದ್ದು, ಅಪ್ಪ ಅಂದ ಮಾತನ್ನು ಅವರು ಅಂದ ಹಾಗೆಯೇ ಹೇಳುತ್ತೇನೆ. ತೀರ್ಪು ಇದೇ ಬರುತ್ತದೆ, ಗೊತ್ತು. ಇನ್ನೊಂದು ಸಲ ಸೋಲುತ್ತೇನೆ. ಆದರೆ ಆ ಮಾತನ್ನು ಆಕೆ ನನ್ನ ಬಾಯಿಂದ ಕೇಳಲಿ.

ಇಂತಿ,
ತಪ್ಪು ತನ್ನದೇ ಎಂದು ತಿಳಿದೂ ನಿಮ್ಮ ಮೇಲಿನ ಸಿಟ್ಟು ಇಳಿಯದ,
ಕೆಳಮನೆಯ ತಮ್ಮ