ಹಾರ್ಬರ್‌ಮ್ಯಾನ್‌ನ ಅಮ್ಮ

ಬ್ರೂಕ್ಲಿನ್
೨ ಮಾರ್ಚ್ ೧೯೯೩

ಮಗಳು ನುನ್ಸಿಯಾಗೆ ಪಪ್ಪನ ಆಶೀರ್ವಾದ.

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದೀಯ. ಚಿತ್ರ ಬರೆ ಎಂದರೆ ಬರೆದೇನು, ಕಾಗದ ಬರೆಯುವುದು ನನ್ನ ಕೆಲಸವಲ್ಲ. "ಫೋನಲ್ಲಿ ಕೂಗಾಡಬೇಡ ಪಪ್ಪ, ಏನಿದ್ರೂ ಬರೆದು ಕಳಿಸು, ಸ್ಟುಡಿಯೋದವರಿಗೆ ತೋರಿಸ್ತೀನಿ" ಎಂದೆಯಲ್ಲ, ತೋರಿಸು. ತಡವಾಯಿತು. ಎರಡು ಸಲ ಬರೆದು ಹರಿದು ಹಾಕಿದೆ, ಬೈಗುಳ ಜಾಸ್ತಿಯಾಗಿತ್ತು. ನಾನು ಚೆನ್ನಾಗಿದ್ದೇನೆ. ಮಂಡಿ ಚೆನ್ನಾಗಿಲ್ಲ.

ನನ್ನ ಹಾರ್ಬರ್‌ಮ್ಯಾನ್ ಕಾಮಿಕ್ಸು ಟೀವಿ ಕಾರ್ಟೂನ್ ಆಗುತ್ತಿದೆ, ನನ್ನ ಮಗಳೇ ನಿರ್ದೇಶಕಿ ಎಂದು ಬೀದಿಗೆಲ್ಲ ಹೇಳಿಕೊಂಡು ಬಂದೆ. ಮೊದಲು, ಹಾರ್ಬರ್‌ಮ್ಯಾನ್ ಕಿಟಕಿ ಗಾಜು ಒಡೆಯಬಾರದು, ಮಕ್ಕಳು ಕಲಿಯುತ್ತಾರೆ ಎಂದಿರಿ. ಆಗಲಿ, ಬೆಲ್ ಒತ್ತಿ ಬಾಗಿಲಿನಿಂದ ಬರಲಿ. ಆಮೇಲೆ ಅವನ ಮೇಲಂಗಿಯ ತೇಪೆ ತೆಗೆದಿರಿ. ಕೊರಿಯಾದಲ್ಲಿ ಕೂತು ಕಾರ್ಟೂನಿನ ಚಿತ್ರ ಬರೆಯುವವರು ಅದನ್ನು ಸಾವಿರಾರು ಸಲ ಬರೆಯಬೇಕಂತೆ. ಕೈನೋವು ನನಗೂ ಗೊತ್ತು, ಸುಮ್ಮನಾದೆ. ತೇಪೆಯೇ ಇಲ್ಲದ ಮೇಲೆ ತೇಪೆ ಹಾಕುವವಳು ಯಾಕೆ ಎಂದು ಈಗ ಅವನ ಅಮ್ಮನನ್ನೇ ತೆಗೆಯುತ್ತಿದ್ದೀರಿ. ಮೊದಲ ಕಂತಿನಲ್ಲೇ ಸಾವು.

ನಿನ್ನ ಮೇಲಿನವನು, ಆ ಪ್ರೊಡ್ಯೂಸರ್ ವಿಟಾಕರ್, ನನ್ನನ್ನು ಒಪ್ಪಿಸಲು ಫೋನ್ ಮಾಡಿದ್ದ.

"ಅಮ್ಮ ಸತ್ತರೇನೇ ಸರ್ ಅವನಿಗೆ ಸಿಟ್ಟು ಬರೋದು."

"ಬದುಕಿದ್ರೆ ಇನ್ನೂ ಜಾಸ್ತಿ ಬರುತ್ತಪ್ಪ. ನಿಂಗೆ ಅಮ್ಮ ಇಲ್ವಾ?"

"ಇದಾರೆ, ಫ್ಲೋರಿಡಾದಲ್ಲಿ."

"ಫೋನ್ ಮಾಡಿ ಕೇಳು, ಮೊದಲ ಕಂತಲ್ಲೇ ಹೋಗ್ತೀಯಾ ಅಂತ."

ಫೋನ್ ಇಟ್ಟುಬಿಟ್ಟ.

ಇಷ್ಟು ವರ್ಷ ಪ್ರತಿ ಸಂಚಿಕೆಯಲ್ಲೂ ಹಾರ್ಬರ್‌ಮ್ಯಾನ್ ಊರು ಉಳಿಸಿ ಮನೆಗೆ ಬರುತ್ತಾನೆ, ಅಮ್ಮ "ಶೂ ಹೊರಗೆ ಬಿಚ್ಚೋ" ಎನ್ನುತ್ತಾಳೆ. ಓದುವವರು ಆ ಪುಟವನ್ನೇ ಮೊದಲು ತೆರೆಯುತ್ತಿದ್ದರು. ಅದು ನಿಮ್ಮಮ್ಮ ಅಸುಂತಾಳ ಮುಖ, ಅವಳದೇ ಬೈಗುಳ ಎಂದು ವಿಟಾಕರನಿಗೆ ಗೊತ್ತಿಲ್ಲ, ಬಿಡು. ನಿನಗೆ ಗೊತ್ತು. ನೀನು ಕಳಿಸಿದ ಕಥೆಯ ಕೆಳಗೆ ಅವನ ಸಹಿಯ ಪಕ್ಕ ನಿನ್ನದೂ ಇದೆ.

ಹದಿನೈದಕ್ಕೆ ಎಲ್ಲ ಕೊರಿಯಾಕ್ಕೆ ಹೊರಡುತ್ತದೆ, ಹೊರಟ ಮೇಲೆ ಒಂದು ಗೆರೆಯೂ ಬದಲಾಗದು ಎಂದವಳು ನೀನೇ. ಅಷ್ಟರೊಳಗೆ ಅವಳನ್ನು ವಾಪಸ್ ಹಾಕು. ಹೊತ್ತಿಗೆ ಸರಿಯಾಗಿ ಊಟ ಮಾಡು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಪಪ್ಪ,
ಕಾರ್ಮಿನೆ ಲೊ ಪ್ರೆಸ್ತಿ

ಇನ್ನೊಂದು ಮಾತು. ನಿಮ್ಮಮ್ಮನ ಮುಖ ನನ್ನ ಕೈಗೆ ಗೊತ್ತು, ಕಣ್ಣು ಮುಚ್ಚಿಯೂ ಬರೆಯುತ್ತೇನೆ. ಅವಳು ತೀರಿಕೊಂಡ ಮೇಲೆ ಧ್ವನಿ ಮರೆತುಹೋಗುತ್ತಿದೆ. ಕಾಮಿಕ್ಸಿನ ಮಾತಿಗೆ ಸದ್ದಿಲ್ಲ. ನಾನು ಟೀವಿಗೆ ಒಪ್ಪಿದ್ದೇ ಅದಕ್ಕೆ. ಬೇರೆ ನಟಿ ಬೇಡ, ಅವಳ ಮಾತು ನೀನೇ ಆಡು. ಸಿಟ್ಟು ಬಂದಾಗ ನೀನು ಥೇಟ್ ಅವಳೇ. ಮೊನ್ನೆ ಫೋನಿನಲ್ಲಿ ಅಷ್ಟು ಕೂಗಾಡಿದ್ದು, ನೀನೂ ತಿರುಗಿ ಬೈಯಲಿ ಎಂದು. ನೀನು ಮೆತ್ತಗೆ ಮಾತಾಡಿ ಇಟ್ಟೆ. ಹತ್ತನೇ ತಾರೀಕಿನೊಳಗೆ ಉತ್ತರ ಬೇಕು, ಫೋನಿನಲ್ಲಿ.