ಬಾದಾಮಿಯಷ್ಟು ಸಾಕ್ಷಿ

ಹೊಂಗಡಹಳ್ಳ
ಜೂನ್ 21, 2024

ಪ್ರಿಯ ಯೋಗಾನಂದ,

ಬಾದಾಮಿಯಷ್ಟು ಅಂದಿದ್ದೆಯೋ, ಗೋಡಂಬಿಯಷ್ಟೋ? ಯುಗಾದಿಗೆ ಬಂದ ನಿನ್ನ ಕಾಗದವನ್ನು ಎಲ್ಲೋ ಇಟ್ಟು ಮರೆತಿದ್ದೇನೆ. ಉತ್ತರ ತಡವಾದದ್ದಕ್ಕೆ ಅದೇ ನೆಪವಿರಲಿ. ಮಿದುಳಿನೊಳಗೆ ಅಷ್ಟೇ ಗಾತ್ರದ ಅಮಿಗ್ಡಲ ಎಂಬುದೊಂದಿದೆ, ಹೋದ ವರ್ಷ ತೋಟಕ್ಕೆ ಆನೆ ನುಗ್ಗಿದ ದಿನ ಏನೇನಾಯಿತೆಂದು ನಾನು ಮರೆತರೂ ಆ ದಿನದ ಭಯವನ್ನು ಅದು ಮರೆಯುವುದಿಲ್ಲ ಎಂದು ಬರೆದಿದ್ದೆ. ಮೈಸೂರಿನಲ್ಲಿ ಪಾಠ ಹೇಳುವವರಿಗೆ ಎಲ್ಲಕ್ಕೂ ಒಂದು ಹೆಸರು ಸಿಗುತ್ತದೆ.

ಇಲ್ಲಿಯವರ ಶಾಸ್ತ್ರವೇ ಬೇರೆ. ಆನೆ ಬಂದದ್ದು ಹಲಸಿನ ವಾಸನೆಗೆ, ಆದ್ದರಿಂದ ಅಂದಿನಿಂದ ನಾನು ಆಗಾಗ ಬೆಚ್ಚಿಬೀಳುವುದೂ ಹಲಸಿಗೇ ಎಂದು ಭಾಮೈದ ಮಹೇಶ ತೀರ್ಮಾನಿಸಿದ. "ಮರ ಇದ್ರೆ ತಾನೇ ನೆನಪು? ಕಡಿಸ್ಬುಡಿ ಭಾವ" ಎಂದ. ಕಡಿಸಿದೆ. ಅಜ್ಜ ನೆಟ್ಟ ಮರ. ಮೊನ್ನೆ ಪಾಳ್ಯದಲ್ಲಿ ಅವನ ಮನೆಯಲ್ಲೇ ಕೂತು ಹನ್ನೆರಡು ತೊಳೆ ತಿಂದೆ. ಎದೆ ಒಂದು ಸಲವೂ ಹೊಡೆದುಕೊಳ್ಳಲಿಲ್ಲ. "ನೋಡಿದ್ರಾ, ವಾಸಿಯಾಗ್ಬುಡ್ತು!" ಎಂದು ಬೀಗಿದ. ಮೂರ್ಖರ ಸಂತೋಷವನ್ನು ಕೆಡಿಸಬಾರದು.

ಆ ದಿನ ನನ್ನ ಜೊತೆಗಿದ್ದು ಆನೆಯ ಕಾಲಿಗೆ ಸಿಕ್ಕ ನಮ್ಮ ತೋಟದ ಲೆಕ್ಕ ಬರೆಯುತ್ತಿದ್ದ ರೈಟರ್ ಚಂದ್ರಯ್ಯನನ್ನು ನೀನೂ ನೋಡಿದ್ದೀಯ. ಅವನ ಹೆಂಡತಿ ಇಂದ್ರಮ್ಮ ಈಗಲೂ ತೋಟದ ಕೆಲಸಕ್ಕೆ ಬರುತ್ತಾಳೆ. ವರ್ಷದಿಂದ ಅವಳದು ಒಂದೇ ಪ್ರಶ್ನೆ: "ಅವ್ರು ಕೂಗ್ಲಿಲ್ವಾ ಅಣ್ಣಾ?"

"ಇಲ್ಲ ಕಣಮ್ಮ, ಕೂಗೋಕೆಲ್ಲಿ ಟೈಮಿತ್ತು, ಒಂದೇ ಏಟಿಗೆ ಹೋಗ್ಬುಟ್ಟ" ಎನ್ನುತ್ತಿದ್ದೆ. ಗೇಟಿನವರೆಗೆ ಓಡಿದ್ದು ನೆನಪಿದೆ, ಅವನ ದನಿ ನೆನಪಿಲ್ಲ. ನೆನಪಿಲ್ಲದ್ದು ನಡೆದೇ ಇಲ್ಲ ಎಂದುಕೊಳ್ಳುವಷ್ಟು ಸುಖಜೀವಿ ನಾನು.

ಮಗಳು ಸ್ನೇಹಾಳಿಗೆ ನನ್ನ ಆಶೀರ್ವಾದ ಹೇಳು. ಅವಳಿಗೆ ಈ ಬಾದಾಮಿ ವಿದ್ಯೆಯನ್ನು ಮಾತ್ರ ಕಲಿಸಬೇಡ.

ನಿನ್ನ
ಪ್ರತಾಪ್

ತಾ.ಕ.: ನಿನ್ನೆ ತೋಟದ ಸ್ಟೋರಿನಲ್ಲಿ ಛತ್ರಿ ಮರೆತು ಹೊರಟಿದ್ದೆ. ಅದನ್ನು ಕೊಡಲು ಇಂದ್ರಮ್ಮ ಹಿಂದಿನಿಂದ, ಚಂದ್ರಯ್ಯ ಕರೆಯುತ್ತಿದ್ದ ಹಾಗೆಯೇ, "ಪ್ರತಾಪಣ್ಣೋ, ನಿಂತ್ಕಳಿ!" ಎಂದು ಕೂಗಿದಳು. ನಾನು ಓಡಿದೆ, ಯೋಗಾನಂದ. ಆನೆಯಿಲ್ಲ, ಹಲಸಿಲ್ಲ, ಗೇಟಿನವರೆಗೂ ಓಡಿದೆ. ನನಗೆ ಗೊತ್ತಿಲ್ಲದ ಆ ಕೂಗು ನನ್ನ ಕಾಲಿಗೆ ಗೊತ್ತಿತ್ತು. ಲೈನುಮನೆಯ ಆಳುಗಳೆಲ್ಲ ನಕ್ಕರು. ಇಂದ್ರಮ್ಮ ನಗಲಿಲ್ಲ. ಛತ್ರಿಯನ್ನು ನೆಲದ ಮೇಲಿಟ್ಟು ಹೋದಳು. ಇವತ್ತು ಕೆಲಸಕ್ಕೆ ಬಂದಿಲ್ಲ. ಇನ್ನು ಅವಳು ಆ ಪ್ರಶ್ನೆ ಕೇಳುವುದಿಲ್ಲ.

ಚಂದ್ರಯ್ಯ, ಎಷ್ಟು ಸಲ ಕೂಗಿದೆ ಮಾರಾಯ?